ಕೇಳದೆ ಹಾಕಿದ ತೂತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಕೆಂಗೇರಿಯ ಹವೆಯ ಬಗ್ಗೆ ಒಂದು ಪುಟ ಬರೆದು ಎದ್ದುಬಿಟ್ಟಿದ್ದೇನೆ. ಹವೆಯ ಬಗ್ಗೆ ಬರೆಯುವುದು ಸುಲಭ. ಈಗ ತೊಂಬತ್ತು ಹತ್ತಿರ ಬಂತು. ಇನ್ನೂ ತಳ್ಳುತ್ತಾ ಹೋದರೆ ಇದು ನನ್ನ ಜೊತೆಗೇ ಹೋಗುತ್ತದೆ.

ಐವತ್ತರ ದಶಕದ ಮಾತು. ಯಾವ ವರ್ಷವೆಂದು ಖಚಿತವಾಗಿ ಹೇಳಲಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದೆ, ಅಷ್ಟು ನೆನಪಿದೆ. ಕೆಂಗೇರಿ ಆಗ ಬೇರೆಯೇ ಊರು. ಪೇಟೆಯಿಂದ ರೈಲಿನಲ್ಲಿ ಬಂದವರು ಇಳಿದ ಕೂಡಲೇ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಎದೆ ಸರಿಯಿಲ್ಲದವರಿಗೆ ಗಾಳಿ ಬದಲಾಯಿಸಿ ಎಂದು ಡಾಕ್ಟರುಗಳು ಹೇಳುತ್ತಿದ್ದ ಕಾಲ ಅದು. ಹಾಗೆ ಬಂದವರಲ್ಲಿ ಒಬ್ಬರು ನಮ್ಮ ಹಿತ್ತಿಲ ಮನೆಗೆ ಬಾಡಿಗೆಗೆ ಸೇರಿದರು. ಪೇಟೆಯ ಒಂದು ಕಚೇರಿಯಲ್ಲಿ ಹೆಡ್ ಗುಮಾಸ್ತರು, ಜೊತೆಗೆ ಹೆಂಡತಿ. ಅವರಿಗೆ ಉಬ್ಬಸವಿತ್ತು. ಬಂದ ಒಂದೇ ತಿಂಗಳಲ್ಲಿ ಅದು ಅರ್ಧ ಇಳಿಯಿತು ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಊರಿಗೆಲ್ಲ ಹೆಮ್ಮೆ. ನನಗೆ ಹೆಮ್ಮೆಗಿಂತ ಆಸೆ ಹೆಚ್ಚಿತ್ತು, ಅವರ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗಲಿತ್ತು.

ಅವರಿಗೆ ಈಜು ಕಲಿಯುವ ಹುಚ್ಚು ಹಿಡಿಯಿತು, ಕಲಿಸಲು ನಾನೇ ಮುಂದೆ ಬಂದೆ. ಊರಿನವರೆಲ್ಲ ಈಜು ಕಲಿತದ್ದು ನನ್ನ ಸೋದರತ್ತೆಯ ತೋಟದ ಬಾವಿಯಲ್ಲಿ. ನಾಲ್ಕೂ ಕಡೆ ಮೆಟ್ಟಿಲಿದ್ದ ದೊಡ್ಡ ಬಾವಿ. ಅತ್ತೆ ವಿಧವೆ, ಮಕ್ಕಳಿರಲಿಲ್ಲ. ಬೇಲಿಯ ಮೇಲೆ ಸೋರೆಬಳ್ಳಿ ಹಬ್ಬಿಸಿ, ಕಾಯಿ ಒಣಗಿಸಿ, ಕಲಿಯುವವರ ಬೆನ್ನಿಗೆ ಕಟ್ಟಲು ಬುರುಡೆ ಕೊಡುತ್ತಿದ್ದಳು. ಕೊಡುವ ಮೊದಲು ಪ್ರತಿಯೊಂದನ್ನೂ ಕಲ್ಲುಬಾನಿಯ ನೀರಿನಲ್ಲಿ ಅದುಮಿ ಹಿಡಿದು ಗುಳ್ಳೆ ಬರುತ್ತದೆಯೇ ಎಂದು ನೋಡುವಳು. ತನ್ನ ಬಾವಿಯಲ್ಲಿ ಒಬ್ಬನೂ ಮುಳುಗಿಲ್ಲ ಎನ್ನುವುದೇ ಅವಳ ದೊಡ್ಡಸ್ತಿಕೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕಲಿಯುವವನ ಕೈಕಾಲು ಹದಕ್ಕೆ ಬಂದ ಮೇಲೆ, ಅವನಿಗೆ ತಿಳಿಯದಂತೆ ಬುರುಡೆಗೆ ಸಣ್ಣ ತೂತು ಹಾಕುವುದು. ಬಾವಿಯನ್ನು ದಾಟುವಷ್ಟರಲ್ಲಿ ಬುರುಡೆಯೊಳಗೆ ನೀರು ತುಂಬುತ್ತದೆ. ತಾನು ಬುರುಡೆಯ ಬಲದಿಂದ ತೇಲುತ್ತಿದ್ದೇನೆಂದು ಅವನು ತಿಳಿದಿರುತ್ತಾನೆ, ತೇಲುತ್ತಿರುವುದು ಮಾತ್ರ ತನ್ನ ಬಲದಿಂದಲೇ. ಮೇಲೆ ಬಂದಾಗ ಬುರುಡೆಯ ನೀರನ್ನು ಅವನ ತಲೆಗೆ ಸುರಿದು ಎಲ್ಲರೂ ನಗುವುದು, ಆಮೇಲೆ ಅವನ ಮನೆಯಿಂದ ಕಡಲೆಪುರಿ ಹಂಚುವುದು. ಆದರೆ ತೂತು ಹಾಕುವ ದಿನವನ್ನು ಹೇಳಬೇಕಾದವಳು ಅತ್ತೆಯೇ. ಮೆಟ್ಟಿಲ ಮೇಲೆ ಕೂತು ವಾರಗಟ್ಟಲೆ ಕಾಲುಗಳನ್ನೇ ನೋಡಿ, ಒಂದು ದಿನ ನಾಳೆ ಹಾಕು ಎನ್ನುವಳು. ಅವಳ ಲೆಕ್ಕ ತಪ್ಪಿದ್ದೇ ಇಲ್ಲ.

ನಾನು ಅವಳನ್ನು ಕೇಳಲಿಲ್ಲ. ಗುಮಾಸ್ತರು ಮುಂದಿನ ಭಾನುವಾರ ಕಚೇರಿಯ ಸ್ನೇಹಿತರನ್ನು ಕರೆದಿದ್ದರು, ಅಷ್ಟರಲ್ಲಿ ಬುರುಡೆಯಿಲ್ಲದೆ ಈಜಿ ತೋರಿಸಬೇಕು ಎನ್ನುವ ಆಸೆ ಅವರಿಗೆ. "ಏನಯ್ಯ ಮೇಷ್ಟ್ರೇ, ನನ್ನ ಯಾವಾಗ ಪಾಸು ಮಾಡ್ತೀಯ?" ಎಂದು ದಿನವೂ ಛೇಡಿಸುತ್ತಿದ್ದರು. ನಾನು ಗೋಣಿ ಹೊಲಿಯುವ ದಬ್ಬಳದಿಂದ ತೂತು ಹಾಕಿಬಿಟ್ಟೆ. ಆ ಬೆಳಿಗ್ಗೆಯೇ ಹಾಕಿದೆನೋ, ಹಿಂದಿನ ದಿನವೋ, ಈಗ ಹೇಳಲಾರೆ.

ಮಾರ್ಗಶಿರದ ಚಳಿ. ಚಳಿಗಾಲದಲ್ಲಿ ಬಾವಿಯ ನೀರು ಬೆಚ್ಚಗಿರುತ್ತದೆಂದು ನಾವು ಆ ಕಾಲದಲ್ಲೇ ಈಜು ಕಲಿಸುತ್ತಿದ್ದೆವು. ಉಬ್ಬಸದವರಿಗೆ ಅದು ಆಗುತ್ತದೋ ಇಲ್ಲವೋ ಎಂದು ಯಾರೂ ಯೋಚಿಸಿರಲಿಲ್ಲ. ಎದುರು ಮೆಟ್ಟಿಲು ಕಾಣದಷ್ಟು ಮಂಜು. ಗುಮಾಸ್ತರು ನಡುಬಾವಿಯವರೆಗೆ ಚೆನ್ನಾಗಿಯೇ ಹೋದರು. ಅಲ್ಲಿ ಕೆಮ್ಮು ಬಂತು. ಕೈ ನಿಂತಿತು, ತಲೆ ಮುಳುಗಿತು. ನಾನು ಹಾರಿ ಕೂದಲು ಹಿಡಿದು ಎಳೆದು ತಂದೆ. ಚಪ್ಪಡಿಯ ಮೇಲೆ ಮಲಗಿಸಿದಾಗ ಅವರ ಎದೆ ಕಮ್ಮಾರನ ತಿದಿಯಂತೆ ಸದ್ದು ಮಾಡುತ್ತಿತ್ತು.

ಅವರು ಮುಳುಗಿದ್ದು ಬುರುಡೆಯಿಂದಲೋ, ಮಂಜು ಎದೆಗೆ ಹಿಡಿದದ್ದರಿಂದಲೋ? ಇಷ್ಟು ವರ್ಷ ಯೋಚಿಸಿಯೂ ನನಗೆ ಗೊತ್ತಾಗಿಲ್ಲ. ಬುರುಡೆ ಗಟ್ಟಿಯಾಗಿದ್ದರೆ ಕೆಮ್ಮುತ್ತಲಾದರೂ ತೇಲುತ್ತಿದ್ದರು ಎಂದು ಒಂದು ದಿನ ಅನ್ನಿಸುತ್ತದೆ. ಮಾರನೆಯ ದಿನ ಅದಕ್ಕೂ ಒಂದು ಉತ್ತರ ಹೊಳೆಯುತ್ತದೆ.

ಗುಮಾಸ್ತರ ಹೆಂಡತಿ ಅಳುತ್ತಾ ಓಡಿ ಬಂದರು. ಹಿಂದೆಯೇ ಅಪ್ಪ ಬಂದು, ಏನಾಯಿತು ಎಂದು ನನ್ನನ್ನೇ ಕೇಳಿದರು. "ಬುರುಡೆ ಮೊದ್ಲೇ ಸೀಳಿತ್ತು ಅನ್ಸುತ್ತೆ" ಎಂದೆ.

ಗದ್ದಲ ಕೇಳಿ ಅತ್ತೆಯೂ ಬಂದಿದ್ದಳು, ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಬುರುಡೆಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ನೀರಲ್ಲಿ ಅದುಮಿ ನೋಡೇ ಕೊಟ್ಟಿದ್ದೆ ಕಣೋ. ನೀನೂ ಪಕ್ಕದಲ್ಲೇ ಇದ್ದೆ. ಗುಳ್ಳೆ ಬಂದಿತ್ತಾ?"

"ಬಂದಿತ್ತೇನೋ ಅತ್ತೆ. ನಾನು ಸರಿಯಾಗಿ ನೋಡ್ಲಿಲ್ಲ."

ಅಕ್ಕನಿಗೆ ಕಣ್ಣು ಹೋಗಿದೆ, ಇನ್ನು ಇದೆಲ್ಲ ಸಾಕು ಎಂದರು ಅಪ್ಪ. ಅತ್ತೆ ಬುರುಡೆಯನ್ನು ಕೆಳಗಿಟ್ಟು ಮನೆಯ ಕಡೆ ನಡೆದಳು. ಆ ವಾರವೇ ಉಳಿದ ಬುರುಡೆಗಳನ್ನೆಲ್ಲ ನೀರೊಲೆಗೆ ಹಾಕಿದಳು, ಮೆಟ್ಟಿಲುಗಳ ಮೇಲೆ ಜಾಲಿಮುಳ್ಳು ಹರಡಿಸಿದಳು. ಬೇಸಿಗೆ ಬಂದಾಗ ಊರಿನವರಿಗೆ ಈಜಲು ಜಾಗವಿಲ್ಲ. ಕೆರೆಯ ಕೆಸರಿನಲ್ಲಿ ಬಿದ್ದೆದ್ದು ಬಂದು ಮುದುಕಿಯನ್ನು ಬೈದರು. ಅವಳಿಗೋ ತನ್ನ ಕಣ್ಣಿನ ಮೇಲೆ ನಂಬಿಕೆಯೇ ಹೋಗಿತ್ತು. ಅಕ್ಕಿಯ ಕಲ್ಲು ಆರಿಸಿ ಮುಗಿಸಿ, ಮತ್ತೊಮ್ಮೆ ನೋಡಿಕೊಡಿ ಎಂದು ಪಕ್ಕದ ಮನೆಗೆ ಮೊರ ಹಿಡಿದು ಹೋಗುತ್ತಿದ್ದಳು. ನಾನು ನೋಡಿದ ಹಾಗೆ ಅದರಲ್ಲಿ ಒಂದು ಕಲ್ಲೂ ಇರುತ್ತಿರಲಿಲ್ಲ.

ಗುಮಾಸ್ತರು ಹದಿನೈದು ದಿನದಲ್ಲಿ ಚೇತರಿಸಿಕೊಂಡರು. ಕಚೇರಿಯ ಕೆಲಸವೂ ನನಗೇ ಸಿಕ್ಕಿತು. ಸೇರಿದ ವರ್ಷವೇ ಅವರ ಹತ್ತಿರ ಎಲ್ಲ ಹೇಳಿ ತಪ್ಪಾಯಿತು ಎಂದೆ. ಅವರು ಬಿದ್ದು ಬಿದ್ದು ನಕ್ಕರು. "ನನ್ನ ಎದೆಗೂಡೇ ತೂತು, ಬುರುಡೆ ಏನು ಮಾಡುತ್ತಯ್ಯ ಮೇಷ್ಟ್ರೇ?" ಅವರ ಹೆಂಡತಿಯ ಹತ್ತಿರವೂ ಕ್ಷಮೆ ಕೇಳಿಕೊಂಡೆ. ಅಪ್ಪ ಹಾಸಿಗೆ ಹಿಡಿದಾಗ ಅವರಿಗೂ ಹೇಳಿದೆ. ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ನನಗೆ ಬಗೆಹರಿಯದ್ದು ಇನ್ನೊಂದಿದೆ. ಸೀಳು ಉದ್ದಕ್ಕಿರುತ್ತದೆ, ದಬ್ಬಳದ ತೂತು ದುಂಡಗಿರುತ್ತದೆ. ಜೀವಮಾನವೆಲ್ಲ ಬುರುಡೆ ಒಣಗಿಸಿದವಳಿಗೆ ಅದು ಗೊತ್ತಾಗಲಿಲ್ಲವೇ? ಅವಳ ಹೆಬ್ಬೆರಳು ತೂತಿನ ಮೇಲೆ ಒಂದು ಗಳಿಗೆ ನಿಂತಂತೆ ನನಗೆ ನೆನಪು. ನಿಜವಾಗಿ ನಿಂತಿತೋ, ಆಮೇಲೆ ನಾನೇ ಸೇರಿಸಿಕೊಂಡೆನೋ. ಗೊತ್ತಾಗಿದ್ದರೆ ನನ್ನನ್ನು ಉಳಿಸಲು ಸುಮ್ಮನಿದ್ದಳು. ಗೊತ್ತಾಗಿರದಿದ್ದರೆ ಒಳ್ಳೆಯ ಕಣ್ಣಿಟ್ಟುಕೊಂಡು ಕುರುಡಿಯಂತೆ ಬದುಕಿದಳು. ಯಾವುದು ಆಗಿದ್ದರೆ ನನ್ನ ತಪ್ಪು ಕಡಿಮೆಯೋ ತಿಳಿಯುವುದಿಲ್ಲ.

ಆಮೇಲೆ ಬಹಳ ವರ್ಷ ಬದುಕಿದ್ದಳು. ಹಬ್ಬಕ್ಕೆ ಹೋದಾಗಲೆಲ್ಲ ಇವತ್ತು ಹೇಳುತ್ತೇನೆ ಎಂದುಕೊಂಡೇ ಅವಳ ಜಗಲಿ ಹತ್ತುತ್ತಿದ್ದೆ. ಒಂದು ಸಲ ಲೋಟ ಮುಂದೆ ಹಿಡಿದು, "ಕಣ್ಣು ಕಾಣ್ದೋಳು ಮಾಡಿದ ಕಾಫಿ ಕುಡೀತೀಯೇನೋ?" ಎಂದಳು. ಮುಖದಲ್ಲಿ ನಗುವಿತ್ತು. ಅಣಕವೋ ಅಕ್ಕರೆಯೋ ತಿಳಿಯದೆ ಕಾಫಿ ಕುಡಿದು, ಚೆನ್ನಾಗಿದೆ ಅತ್ತೆ ಎಂದು ಹೇಳಿ ಎದ್ದು ಬಂದೆ.

ಮಿಕ್ಕವರೆಲ್ಲರ ಹತ್ತಿರ ಕ್ಷಮೆ ಕೇಳಿದ್ದಾಯಿತು. ಕೇಳದೆ ಉಳಿದದ್ದು ಒಬ್ಬಳ ಹತ್ತಿರ ಮಾತ್ರ, ನಮ್ಮಪ್ಪನ ಅಕ್ಕ, ನನ್ನ ಸೋದರತ್ತೆ.