ಸಂಜೆಯ ಆಕಾಶ ಮತ್ತು ಎದುರು ಮನೆಯ ಮಹಡಿ

ಗೆಳೆಯರೇ, ಇಂದು ಸಂಜೆ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಕೆಂಪಾದ ಆಕಾಶದ ಚಿತ್ರ ತೆಗೆಯುತ್ತಿದ್ದೆ. ಎದುರು ಮನೆಯ ಆಂಟಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

“ನಮ್ಮನೆ ಫೋಟೋ ಯಾಕ್ ತೆಗೀತಿದೀರಾ ಸಾರ್? ಕಾರ್ಪೊರೇಷನ್‌ನೋರಾ?”

ಅವರು ಹೊಸದಾಗಿ ಕಟ್ಟಿಸುತ್ತಿರುವ ಮೂರನೇ ಮಹಡಿ ಪ್ಲ್ಯಾನಿನಲ್ಲಿಲ್ಲವಂತೆ. ಯಾವಾಗ ಒಡೆಸುತ್ತಾರೋ ಎಂದು ನಿದ್ದೆಯಿಲ್ಲವಂತೆ.

“ಇಲ್ಲ ಆಂಟಿ, ಬರೀ ಆಕಾಶ ತೆಗೀತಿದೀನಿ,” ಎಂದು ತೆಗೆದದ್ದನ್ನು ತೋರಿಸಿದೆ. ಆಕಾಶದ ಬೆಳಕಿಗೆ ಹೊಂದಿಸಿದ್ದರಿಂದ ಅವರ ಮನೆ ಕಪ್ಪು ಮುದ್ದೆಯಾಗಿತ್ತು. ಆಂಟಿಗೆ ಸಮಾಧಾನವಾಯಿತು.

ನಾನು ಅಷ್ಟಕ್ಕೇ ಸುಮ್ಮನಾಗಬೇಕಿತ್ತು. “ಕೆಳಗಡೆನೂ ಕಾಣೋ ಹಾಗೆ ಇನ್ನೊಂದು ತೆಗೆದು, ಎರಡನ್ನೂ ಸೇರಿಸ್ತೀನಿ,” ಎಂದು ಬೆಳಕು ಹೆಚ್ಚಿಸಿ ಮತ್ತೆ ಕ್ಲಿಕ್ಕಿಸಿದೆ. ಈ ಸಲ ಆಕಾಶ ಬೆಳ್ಳಗಾಗಿ, ಮೂರನೇ ಮಹಡಿಯ ಹಸಿ ಗೋಡೆ, ಕಂಬಿ, ಸಿಮೆಂಟ್ ಚೀಲಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಆಂಟಿ ಕ್ಯಾಮೆರಾದ ಪರದೆಗೆ ಅಂಗೈ ಅಡ್ಡ ಹಿಡಿದರು.

“ಇದನ್ನ ಡಿಲೀಟ್ ಮಾಡ್ಬಿಡಿ ಸಾರ್. ನಮ್ಮ ಯಜಮಾನ್ರಿಗೆ ಮೊದಲೇ ಬಿಪಿ. ಆ ಕಪ್ಪಗಿರೋದೇ ಎಷ್ಟು ಚೆನ್ನಾಗಿದೆ.”

ಅವರ ಎದುರೇ ಅಳಿಸಿದೆ. ಆದ್ದರಿಂದ ಇಲ್ಲಿ ಹಾಕಿರುವ ಚಿತ್ರದ ಕೆಳಗಿನರ್ಧ ಕತ್ತಲಾಗಿದೆ ಎಂದು ಯಾರೂ ಸಲಹೆ ಕೊಡಬೇಡಿ. ಯಾವ ರಸ್ತೆ ಎಂದೂ ಕೇಳಬೇಡಿ.