ಒಂದೇ ಸಲ ಕರೆಯುವ ಪಕ್ಷ

"ಅಮ್ಮಾ, ಮಹಡಿ ಮನೆ ತಾತ ಖಾಲಿ ಕುರ್ಚಿಗಳಿಗೆ ಯಾಕೆ ಭಾಷಣ ಮಾಡ್ತಾರೆ?" ಮಗಳ ಪ್ರಶ್ನೆಗೆ ಅವಳಿಗೆ ನಗು ಬರಲಿಲ್ಲ.

ಯಾರನ್ನೂ ಯಾರೂ, ಸರ್ಕಾರ ಕೂಡ, ಬಲವಂತ ಮಾಡಬಾರದು ಎಂಬುದೇ ಆ ತಾತ ಕಟ್ಟಿದ ಪುಟ್ಟ ಪಕ್ಷದ ತತ್ವ. ಸಭೆಗೂ ಒಂದೇ ಸಲ ಕರೆಯುವರು; ಎರಡನೆಯ ಸಲ ಕರೆದರೆ ಒತ್ತಾಯವಾದೀತಂತೆ. ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಚುನಾವಣೆಯಲ್ಲಿ ಠೇವಣಿ ಹೋದಾಗ, "ಹೋಗ್ಲಿ ಬಿಡಮ್ಮಾ, ಅದಕ್ಕೂ ಸ್ವಾತಂತ್ರ್ಯ ಬೇಡ್ವಾ?" ಎಂದು ನಕ್ಕಿದ್ದರು. ಹೆಂಡತಿ ಆಪರೇಷನ್ ಬೇಡವೆಂದಾಗಲೂ ಅವರು ಎರಡನೆಯ ಸಲ ಕೇಳಲಿಲ್ಲ, ಆಕೆ ಉಳಿಯಲಿಲ್ಲ.

ಈಗ ಅವರದೇ ಕಾಲಿನ ಹುಣ್ಣು ಕೊಳೆಯುತ್ತಿತ್ತು. ಕಾಲು ತೆಗೆಯದಿದ್ದರೆ ಜೀವ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಹುಣ್ಣಿನ ಪಟ್ಟಿ ಬದಲಿಸುವಾಗ ತಾತ ಕೈ ಹಿಡಿದುಕೊಂಡರು.

"ನಾಳೆ ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡೀತೀನಿ, ಗೊತ್ತು. ಆಗ ನನ್ನ ಮಾತು ಕೇಳ್ಬೇಡ ತಾಯಿ, ಎಳ್ಕೊಂಡಾದ್ರೂ ಹೋಗು."