ಗೊಂಬೆಗಳ ನಡುವೆ ಫ್ರೆಂಚ್ ಹಡಗು

ನನ್ನ ಗಂಡ ಸರ್ಜನ್. ಪರದೇಶದಲ್ಲಿ, ಕೆಂಟನ್ನಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದಾಗಲೆಲ್ಲ, ಬಂದವರ ಮುಂದೆ "ನಮ್ಮವಳ ಆಟದ ಸಾಮಾನಿನ ಅಂಗಡಿ" ಎಂದು ನಗಾಡುವುದು ಅವರ ಪದ್ಧತಿ. ಮೈಸೂರಿನಿಂದ ನನ್ನ ಅಜ್ಜಿಯ ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ ತಂದವಳು ನಾನು. ಮೂವತ್ತು ವರ್ಷ ಹಲ್ಲು ಕಚ್ಚಿಕೊಂಡು ಕೋಸಂಬರಿ ಹಂಚಿದೆ.

ಅವರದ್ದು ಮಾತ್ರ ಆಟವಲ್ಲವಂತೆ, ಇತಿಹಾಸವಂತೆ. ಊಟದ ಮೇಜಿನ ಮೇಲೆ ಫ್ರೆಂಚ್ ಡೆಸ್ಟ್ರಾಯರ್ ಯುದ್ಧನೌಕೆಯೊಂದರ ಮೊಳದುದ್ದದ ಮಾದರಿ ಕಟ್ಟುತ್ತಿದ್ದರು. ಆ ಹಡಗಿನ ಜಾತಕ ನನಗೆ ಬಾಯಿಪಾಠ. ಮೂರು ಚಿಮಣಿ, ಒಳ್ಳೆಯ ಓಟ. ಆದರೆ ಒಡಲು ಕಿರಿದು. ಮೇಲೆ ಫಿರಂಗಿ, ಟಾರ್ಪೆಡೊ ಎಲ್ಲ ಹೇರಿದ್ದರಿಂದ ಅಲೆ ಎದ್ದರೆ ವಾಲಾಡುತ್ತಿತ್ತು. ಎರಡನೇ ಮಹಾಯುದ್ಧ ಶುರುವಾದಾಗ ಬೇರೆ ಹಡಗುಗಳಿಗೆ ಬೆಂಗಾವಲಾಗಿ ದುಡಿಯಿತು. ಕೊನೆಗೆ ಫ್ರೆಂಚ್ ಬಂದರು ಡನ್ಕರ್ಕ್‌ನಿಂದ ತಾಳಲಾರದಷ್ಟು ಸೈನಿಕರನ್ನು ತುಂಬಿಕೊಂಡು ಹೊರಟು, ನೀರೊಳಗಿಟ್ಟ ಸಿಡಿಮದ್ದಿನ ಮೈನ್‌ಗೆ ಬಡಿದು ಮುಳುಗಿತು. ಇದನ್ನೆಲ್ಲ ಅವರು ಅನ್ನ ಕಲಸುತ್ತಾ ಹೇಳುತ್ತಿದ್ದರು.

ಅವರ ಕೈ ನಡುಗಲು ಶುರುವಾಯಿತು. ಚಿಮಟ ನನ್ನ ಕೈಗೆ ಕೊಟ್ಟರು. "ಕನ್ನಡಕ ಸರಿಯಿಲ್ಲ ಕಣೇ, ಈ ಕಂಬಿ ನೀನೇ ಅಂಟಿಸು." ಎರಡು ವರ್ಷ ಡೆಕ್ಕಿನ ಕಂಬಿ, ಫಿರಂಗಿಯ ನಳಿಗೆ ಎಲ್ಲ ನಾನೇ ಅಂಟಿಸಿದೆ. ನಮ್ಮ ಜಿಪಿ ಡಾಕ್ಟರಿಗೆ ತೋರಿಸಿ ಎಂದರೆ "ಬಾಯ್ಮುಚ್ಚು, ನನ್ನ ಅನ್ನ ಕಿತ್ಕೋಬೇಡ" ಎಂದರು. ವಾರಕ್ಕೆರಡು ದಿನ ಆಪರೇಷನ್ ಮಾಡಲು ಹೋಗುತ್ತಲೇ ಇದ್ದರು. ಅಲ್ಲಿ ಹೇಗೆ ನಿಭಾಯಿಸುತ್ತಿದ್ದರೋ ನಾನು ಕೇಳಲಿಲ್ಲ.

ಈ ಸಲ ಗೊಂಬೆ ನೋಡಲು ಅವರ ಆಸ್ಪತ್ರೆಗೆ ಹೊಸದಾಗಿ ಸೇರಿದ ಜೂನಿಯರ್ ಡಾಕ್ಟರ್, ಬೆಂಗಳೂರಿನ ಹುಡುಗಿ, ಉಳಿದ ಅತಿಥಿಗಳ ಜೊತೆ ಬಂದಳು. ಮೇಜಿನ ಮೇಲಿನ ಹಡಗು ಕಂಡು "ಸರ್, ಇದೆಲ್ಲಾ ನೀವೇ ಮಾಡಿದ್ದಾ? ಸೂಪರ್!" ಎಂದಳು.

ಅವರು ಜೇಬಿನಿಂದ ಕೈ ತೆಗೆಯದೆ ಹೇಳಿದರು: "ಮತ್ತಿನ್ಯಾರು? ಒಂದೊಂದು ಕಂಬೀನೂ ನನ್ನ ಕೈಯದೇ. ನಮ್ಮವಳಿಗೆ ಗೊಂಬೆ ಜೋಡಿಸೋದು ಬಿಟ್ರೆ ಏನ್ ಬರತ್ತೆ?"

ಮೈಯೆಲ್ಲ ಉರಿದುಹೋಯಿತು. ಗೊಂಬೆ ಮೆಟ್ಟಿಲ ಮುಂದೆ ರಾಗಿ ಪೈರು ಬೆಳೆಸಿ, ಅಗಲದ ಟಬ್ಬಿಗೆ ನೀರು ತುಂಬಿ ಕೊಳ ಮಾಡಿದ್ದೆ. "ಹಾಗಾದ್ರೆ ಇದೂ ಗೊಂಬೆಗಳ ಜೊತೆ ಇರ್ಲಿ ಬಿಡಿ" ಎಂದು ಹಡಗನ್ನೆತ್ತಿ ನೀರಿಗೆ ಬಿಟ್ಟೆ. ಅದು ನೋಡಲು ಮಾಡಿದ್ದು, ತೇಲಲು ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಕ್ಷಣ ನಿಂತು, ವಾಲಿ, ಮಗುಚಿಕೊಂಡಿತು.

"ಅಯ್ಯೋ!" ಎಂದು ಅವರು ಎರಡೂ ಕೈ ಚಾಚಿದರು. ಬಲಗೈ ಗಡಗಡ ನಡುಗುತ್ತಿತ್ತು. ಹಡಗು ಸಿಕ್ಕಿ ಜಾರಿತು, ಮತ್ತೆ ಸಿಕ್ಕಿ ಜಾರಿತು. ಬಂದವರೆಲ್ಲ ನೋಡಿದರು. ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು.

ಆ ಹುಡುಗಿ ಹಡಗು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಮುಖ ಬಿಳಚಿಕೊಂಡಿತ್ತು. ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಆಂಟಿ, ಸರ್‌ಗೆ ಹೀಗೆ ಎಷ್ಟು ದಿನದಿಂದ?"

ಅವರು ನನ್ನತ್ತ ನೋಡಿದರು. ಮದುವೆಯಾದ ಮೇಲೆ ಮೊದಲ ಸಲ ಆ ಕಣ್ಣು ನನ್ನನ್ನು ಬೇಡುತ್ತಿತ್ತು. ಇವತ್ತೇನೋ ಸುಸ್ತು ಎಂದಿದ್ದರೆ ಸಾಕಿತ್ತು. ರೋಗಿಗಳ ನೆನಪಾಯಿತು ಎಂದು ಈಗ ಬರೆದರೆ ನಾನು ಒಳ್ಳೆಯವಳಾಗಬಹುದು; ನೆನಪಾಗಲಿಲ್ಲ.

"ಎರಡು ವರ್ಷ ಆಯ್ತಮ್ಮ," ಎಂದೆ. "ಅವರಿಗೂ ಗೊತ್ತು, ನನಗೂ ಗೊತ್ತು."